ಹಳೆಯ ಕೈಹೊಲಿಗೆಯ ಕೌದಿಗಳ ಶುಚಿತ್ವ ಮತ್ತು ಸಂರಕ್ಷಣೆ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಉಟ್ಟು ಸವೆದ ಸೀರೆ, ಧೋತರ, ರುಮಾಲು, ಕುಪ್ಪಸದ ಖಣ ಮೊದಲಾದ ಬಟ್ಟೆಗಳನ್ನು ಪದರಪದರವಾಗಿ ಹಾಸಿ, ಕೈಸೂಜಿಯಿಂದ ಒತ್ತೊತ್ತಾಗಿ ದಾರದ ಸಾಲುಗಳನ್ನು ಹಾಕಿ ಸಿದ್ಧಪಡಿಸುವ ಹಾಸಿಗೆ-ಹೊದಿಕೆಯನ್ನು ಉತ್ತರ ಕರ್ನಾಟಕದಲ್ಲಿ ಕೌದಿ ಎಂದು ಕರೆಯಲಾಗುತ್ತದೆ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಸಮುದಾಯದ ಮಹಿಳೆಯರು ಹೊಲಿಯುವ ಇದೇ ಬಗೆಯ ಹೊದಿಕೆಗೆ ಕವಂದಿ ಎಂಬ ಹೆಸರಿದೆ. ಮಹಾರಾಷ್ಟ್ರದ ಗೋಧಡಿ, ಬಂಗಾಳದ ಕಾಂಥಾ, ಬಿಹಾರದ ಸುಜನಿ ಇದೇ ಕುಲಕ್ಕೆ ಸೇರಿದವು.

ಮನೆಯ ಹಿರಿಯರು ಹೊಲಿದ ಕೌದಿಯನ್ನು ಪೆಟ್ಟಿಗೆಯಿಂದ ಹೊರತೆಗೆದ ಕುಟುಂಬದವರು ಮೊದಲು ಕೇಳುವ ಪ್ರಶ್ನೆ, ಇದನ್ನು ಹೇಗೆ ಒಗೆಯಬೇಕು ಎಂಬುದು. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಇದನ್ನು ಒಗೆಯಲೇಬೇಕೆ ಎಂಬುದಾಗಿದೆ. ಇಪ್ಪತ್ತು ವರ್ಷ ಕುಳಿತ ಧೂಳಿನಿಂದ ಆಗದ ಹಾನಿ ಬಟ್ಟೆ ಒಗೆಯುವ ಯಂತ್ರದಲ್ಲಿ ಅರ್ಧ ಗಂಟೆಯಲ್ಲಿ ಆಗಬಹುದು. ಹಾಗೆ ಆದ ಹಾನಿಯನ್ನು ಪರಿಣತರಿಂದಲೂ ಸರಿಪಡಿಸಲು ಬರುವುದಿಲ್ಲ. ಕೌದಿಯೊಂದರಲ್ಲಿ ಅಜ್ಜಿಯ ಮದುವೆಯ ಸೀರೆಯೋ ತೀರಿಕೊಂಡ ಮಗುವಿನ ಅಂಗಿಯೋ ಇರಬಹುದಾಗಿದ್ದು, ಅವರದೆಂದು ಮನೆಯಲ್ಲಿ ಉಳಿದಿರುವ ಬಟ್ಟೆ ಅದೊಂದೇ ಆಗಿರುವುದೂ ಉಂಟು. ಆದುದರಿಂದ ನೀರು ಮುಟ್ಟಿಸುವ ಮುನ್ನ ಈ ಮಾಹಿತಿಯನ್ನು ಪೂರ್ಣವಾಗಿ ಓದಿಕೊಳ್ಳುವಂತೆ ಸಾರ್ವಜನಿಕರನ್ನು ಕೋರಲಾಗಿದೆ.

ಇಲ್ಲಿ ಹೇಳಿರುವುದು ಹಳೆಯ, ಉಳಿಸಿಕೊಳ್ಳಬೇಕಾದ ಕೌದಿಗಳಿಗೆ ಮಾತ್ರ ಅನ್ವಯಿಸುತ್ತದೆ. ಈಚೆಗೆ ಹೊಲಿದ, ದಿನನಿತ್ಯ ಹಾಸಿ ಹೊದೆಯುವ ಗಟ್ಟಿ ಕೌದಿಗಳನ್ನು ಎಂದಿನಂತೆ ಒಗೆದು ಬಳಸಲು ಅಡ್ಡಿಯಿಲ್ಲ.

ಕೌದಿಯ ರಚನೆ

ಕೌದಿಯನ್ನು ಒಂದು ಬಟ್ಟೆ ಎಂದು ಭಾವಿಸುವುದರಿಂದಲೇ ಹೆಚ್ಚಿನ ತಪ್ಪುಗಳು ಆಗುತ್ತವೆ. ವಾಸ್ತವವಾಗಿ ಅದು ಬೇರೆ ಬೇರೆ ವಯಸ್ಸಿನ, ಬೇರೆ ಬೇರೆ ನೂಲಿನ, ಬೇರೆ ಬೇರೆ ಬಣ್ಣ ಹಾಕಿದ ಹತ್ತಾರು ಬಟ್ಟೆಗಳ ಕೂಟ. ಮೇಲಿನ ಪದರದಲ್ಲಿ ಬಣ್ಣದ ತೇಪೆಗಳು, ಒಳಗೆ ಮೆತ್ತಗಾದ ಹಳೆಯ ಧೋತರ ಅಥವಾ ಸೀರೆಯ ತುಂಡುಗಳು, ಕೆಳಗೆ ಅಖಂಡವಾದ ಒಂದು ಸೀರೆ ಇರುವುದು ಸಾಮಾನ್ಯ. ಹೊಲಿಗೆಯು ಅಂಚಿನಿಂದ ಆರಂಭವಾಗಿ ಸುತ್ತು ಹಾಕುತ್ತ ನಡುವಿಗೆ ಬಂದು ಮುಗಿಯುತ್ತದೆ. ಸವೆದ ಕೌದಿಯ ಮೇಲೆ ಹೊಸ ಬಟ್ಟೆ ಹೊದಿಸಿ ಮತ್ತೆ ಹೊಲಿದಿರುವುದೂ ಉಂಟು. ಅಂಥ ಕೌದಿಯ ಒಳಗೆ ಇನ್ನೊಂದು ಹಳೆಯ ಕೌದಿಯೇ ಇರುತ್ತದೆ.

ಈ ಬಟ್ಟೆಗಳ ಗುಣ ಒಂದೇ ತೆರನಲ್ಲ. ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರ ಒಡಲು ಹತ್ತಿಯದಾಗಿದ್ದು, ಸೆರಗು ಮತ್ತು ದಡಿ ರೇಷ್ಮೆಯದೋ ಕೃತಕ ರೇಷ್ಮೆಯದೋ ಆಗಿರಬಹುದು. ಗುಳೇದಗುಡ್ಡದ ಖಣದಲ್ಲಿಯೂ ಹತ್ತಿ ಮತ್ತು ರೇಷ್ಮೆ ಕೂಡಿರುತ್ತವೆ. ಹತ್ತಿಯ ನೂಲು ನೀರಿನಲ್ಲಿ ನೆನೆದಾಗ ಒಣಗಿದ್ದಾಗಿನದಕ್ಕಿಂತ ತುಸು ಗಟ್ಟಿಯಾಗುತ್ತದೆ. ರೇಷ್ಮೆ ನೆನೆದಾಗ ದುರ್ಬಲವಾಗುತ್ತದೆ. ರೇಯಾನ್ ಎಂಬ ಕೃತಕ ರೇಷ್ಮೆಯಂತೂ ತನ್ನ ಬಲದಲ್ಲಿ ಸುಮಾರು ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ಸೋಡಾ ಬೆರೆತ ಸಾಬೂನನ್ನು ಹತ್ತಿ ತಡೆದುಕೊಳ್ಳಬಲ್ಲುದು, ರೇಷ್ಮೆ ಮತ್ತು ಉಣ್ಣೆ ತಡೆದುಕೊಳ್ಳಲಾರವು. ಒಂದೇ ಕೌದಿಯಲ್ಲಿ ಇವೆಲ್ಲ ಪಕ್ಕಪಕ್ಕದಲ್ಲಿರುವುದರಿಂದ, ಒಗೆಯುವ ಕ್ರಮವನ್ನು ಅವುಗಳಲ್ಲಿ ಅತ್ಯಂತ ದುರ್ಬಲವಾದ ಬಟ್ಟೆಯನ್ನು ನೋಡಿ ನಿರ್ಧರಿಸತಕ್ಕದ್ದು.

ಮಹಾನವಮಿಗೆ ಮುನ್ನ ಮನೆಯ ಹಾಸಿಗೆ-ಹೊದಿಕೆಗಳನ್ನೆಲ್ಲ ಹಳ್ಳಕ್ಕೋ ಹೊಳೆಗೋ ಒಯ್ದು ಒಗೆಯುವ ವಾಡಿಕೆ ಉತ್ತರ ಕರ್ನಾಟಕದಲ್ಲಿದೆ. ಕಲ್ಲಿಗೆ ಬಡಿದರೂ ನಮ್ಮ ಕೌದಿಗೆ ಏನೂ ಆಗುತ್ತಿರಲಿಲ್ಲ ಎಂದು ಹಿರಿಯರು ಹೇಳುತ್ತಾರೆ. ಅದು ಸುಳ್ಳಲ್ಲ. ಆದರೆ ಆಗ ಆ ಕೌದಿಗೆ ಐದು ವರ್ಷವಾಗಿತ್ತು, ಈಗ ಐವತ್ತಾಗಿದೆ. ಅದರೊಳಗಿನ ಬಟ್ಟೆಗಳು ಹೊಲಿಯುವ ದಿನವೇ ಹಳೆಯವಾಗಿದ್ದವು ಎಂಬುದನ್ನೂ ಮರೆಯಬಾರದು.

ಒಗೆಯುವ ಮುನ್ನ ಪರಿಶೀಲನೆ

ಹಗಲು ಬೆಳಕಿರುವ ಕೋಣೆಯಲ್ಲಿ ಮಂಚ ಅಥವಾ ಅಗಲವಾದ ಮೇಜಿನ ಮೇಲೆ ಬಿಳಿಯ ಹಾಸುಬಟ್ಟೆ ಹಾಸಿ, ಅದರ ಮೇಲೆ ಕೌದಿಯನ್ನು ಬಿಚ್ಚಿ ಹರಡಬೇಕು. ಉಂಗುರ, ಬಳೆ, ಕೈಗಡಿಯಾರಗಳನ್ನು ತೆಗೆದಿಡುವುದು ಒಳ್ಳೆಯದು. ಹಳೆಯ ದಾರ ಅವುಗಳಿಗೆ ಸಿಕ್ಕಿದರೆ ಇಡೀ ಸಾಲೇ ಬಿಚ್ಚಿಕೊಳ್ಳುತ್ತದೆ. ಮೊದಲು ಎರಡೂ ಬದಿಯ ಛಾಯಾಚಿತ್ರಗಳನ್ನು ತೆಗೆದುಕೊಳ್ಳಬೇಕು. ಮುಂದೆ ಏನೇ ಆದರೂ ಈ ಚಿತ್ರಗಳು ಉಳಿಯುತ್ತವೆ. ಅರ್ಜಿ ಸಲ್ಲಿಸುವ ಸಂದರ್ಭ ಬಂದರೆ ಇವೇ ಬೇಕಾಗುತ್ತವೆ.

ಬಳಿಕ ಬಟ್ಟೆಯ ಬಲವನ್ನು ನೋಡಬೇಕು. ತೇಪೆಯ ಮೇಲೆ ಬೆರಳಿನಿಂದ ಮೃದುವಾಗಿ ಒತ್ತಿದಾಗ ಪುಡಿ ಉದುರಿದರೆ, ಅಥವಾ ಮಡಿಕೆಯ ಗೆರೆಯಲ್ಲಿ ನೂಲು ಕಡಿದಿದ್ದರೆ, ಆ ಕೌದಿಯನ್ನು ಮನೆಯಲ್ಲಿ ಒಗೆಯಬಾರದು. ಕಪ್ಪು ಮತ್ತು ಕಡುಗಂದು ತೇಪೆಗಳನ್ನು ವಿಶೇಷವಾಗಿ ಗಮನಿಸಬೇಕು. ಕಬ್ಬಿಣದ ಅಂಶವಿರುವ ಸಾಂಪ್ರದಾಯಿಕ ಕಪ್ಪು ಬಣ್ಣವು ಕಾಲಕ್ರಮದಲ್ಲಿ ಬಟ್ಟೆಯನ್ನೇ ಸುಡುವುದರಿಂದ, ಸುತ್ತಲಿನ ಬಟ್ಟೆ ಗಟ್ಟಿಯಾಗಿದ್ದರೂ ಕಪ್ಪು ಗೆರೆಗಳು ಮಾತ್ರ ಉದುರಿಹೋಗಿರುವುದು ಕಂಡುಬರುತ್ತದೆ. ಇದು ತೊಳೆದು ಗುಣವಾಗುವ ದೋಷವಲ್ಲ.

ನೂಲು ಯಾವುದೆಂದು ಸಂದೇಹವಿದ್ದಲ್ಲಿ, ಈಗಾಗಲೇ ಬಿಟ್ಟುಕೊಂಡಿರುವ ಎಳೆಯೊಂದನ್ನು ಕತ್ತರಿಸಿ ಇಕ್ಕಳದಲ್ಲಿ ಹಿಡಿದು, ಕೌದಿಯಿಂದ ದೂರದಲ್ಲಿ ಸುಟ್ಟು ನೋಡಬಹುದು. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ. ರೇಷ್ಮೆಯಿಂದ ಕೂದಲು ಸುಟ್ಟ ವಾಸನೆ ಬರುತ್ತದೆ. ಪಾಲಿಯೆಸ್ಟರ್ ಮತ್ತು ನೈಲಾನ್ ಕರಗಿ ಗಟ್ಟಿ ಮಣಿಯಾಗುತ್ತವೆ. ಪಾಲಿಯೆಸ್ಟರ್ ನೂಲು 1941ರಲ್ಲಿ ಕಂಡುಹಿಡಿಯಲ್ಪಟ್ಟದ್ದು. ಮೂಲ ಪದರಗಳಲ್ಲಿಯೇ ಅದು ಇದ್ದಲ್ಲಿ ಕೌದಿ ನೂರು ವರ್ಷದ್ದೆಂಬ ಮನೆಯವರ ಮಾತನ್ನು ಒಪ್ಪಲಾಗದು. ನಂತರ ಹಾಕಿದ ತೇಪೆಯಲ್ಲಿ ಮಾತ್ರ ಇದ್ದರೆ ಹಾಗೆ ತೀರ್ಮಾನಿಸುವಂತಿಲ್ಲ.

ಬಣ್ಣದ ಪರೀಕ್ಷೆ

ಇದನ್ನು ಬಿಟ್ಟು ಮುಂದುವರಿಯಬಾರದು. ಕೌದಿಗಳು ಹಾಳಾಗುವುದು ಹರಿದು ಹೋಗಿ ಎಂಬುದಕ್ಕಿಂತ ಹೆಚ್ಚಾಗಿ, ಒಂದು ಕೆಂಪು ತೇಪೆ ಬಣ್ಣ ಬಿಟ್ಟು ಪಕ್ಕದ ಬಿಳಿ ಧೋತರದ ಮೇಲೆ ಹರಡುವುದರಿಂದ. ಹಾಗೆ ಹರಡಿ ಒಣಗಿದ ಬಣ್ಣವನ್ನು ತೆಗೆಯಲು ಹೊರಟರೆ ಮೂಲ ಬಣ್ಣವೂ ಹೋಗುತ್ತದೆ.

ಪ್ರತಿಯೊಂದು ಬಣ್ಣದ ತೇಪೆಯ ಮೂಲೆಯೊಂದರಲ್ಲಿ ಶುದ್ಧ ನೀರಿನ ಎರಡು ಹನಿ ಹಾಕಿ, ಅದು ಇಂಗಿದ ಬಳಿಕ ಬಿಳಿ ಹತ್ತಿಬಟ್ಟೆ ಅಥವಾ ಬಿಳಿಯ ಒತ್ತುಕಾಗದವನ್ನು ಅದರ ಮೇಲಿಟ್ಟು ಐದು ನಿಮಿಷ ಭಾರ ಹೇರಬೇಕು. ಬಿಳಿ ಬಟ್ಟೆಗೆ ಬಣ್ಣದ ಸುಳಿವೂ ಹತ್ತಬಾರದು. ನೀರಿಗೆ ಬಣ್ಣ ಬಿಡದಿದ್ದಲ್ಲಿ, ಒಗೆಯಲು ಬಳಸುವ ಸಾಬೂನಿನ ದ್ರಾವಣದಿಂದ ಅದೇ ಪರೀಕ್ಷೆಯನ್ನು ಇನ್ನೊಂದು ಮೂಲೆಯಲ್ಲಿ ಮಾಡಬೇಕು, ಏಕೆಂದರೆ ನೀರಿಗೆ ಹೆದರದ ಬಣ್ಣ ಸಾಬೂನಿಗೆ ಸೋಲುವುದುಂಟು. ಹೊಲಿಗೆಯ ದಾರವನ್ನೂ ಪರೀಕ್ಷಿಸತಕ್ಕದ್ದು. ಬಣ್ಣದ ದಾರದಿಂದ ಹೊಲಿದ ಕೌದಿಗಳಲ್ಲಿ ಬಟ್ಟೆಗಳೆಲ್ಲ ನಿಂತು ದಾರವೇ ಬಣ್ಣ ಬಿಡಬಹುದು. ಇಪ್ಪತ್ತೈದು ಬಣ್ಣಗಳಿದ್ದರೆ ಇಪ್ಪತ್ತೈದು ಪರೀಕ್ಷೆಗಳಾಗಬೇಕು. ಬೇಸರದ ಕೆಲಸವೆಂಬುದು ನಿಜ.

ಒಂದೇ ಒಂದು ಬಣ್ಣ ಬಿಟ್ಟರೂ ನೀರಿನಲ್ಲಿ ಒಗೆಯುವ ವಿಚಾರವನ್ನು ಕೈಬಿಡಬೇಕು. ಉಪ್ಪು ಅಥವಾ ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಹಳೆಯ ಬಟ್ಟೆಗಳ ಮಟ್ಟಿಗೆ ಇದನ್ನು ನೆಚ್ಚಿಕೊಳ್ಳಬಾರದು.

ನೀರಿಲ್ಲದೆ ಶುಚಿಗೊಳಿಸುವುದು

ಬಹುಪಾಲು ಹಳೆಯ ಕೌದಿಗಳಿಗೆ ಇಷ್ಟೇ ಸಾಕು. ಕೌದಿಯ ಮೇಲೆ ನೈಲಾನ್ ಸೊಳ್ಳೆಪರದೆಯ ತುಂಡೊಂದನ್ನು ಹಾಸಿ, ಅತ್ಯಂತ ಕಡಿಮೆ ಸೆಳೆತಕ್ಕೆ ಇಳಿಸಿದ ವ್ಯಾಕ್ಯೂಮ್ ಕ್ಲೀನರ್‌ನ ಬಾಯಿಯನ್ನು ಅದರ ಮೇಲೆ ಉಜ್ಜದೆ, ಎತ್ತಿ ಎತ್ತಿ ಇಡುತ್ತ ಧೂಳು ತೆಗೆಯಬೇಕು. ಪರದೆಯಿಂದಾಗಿ ಸಡಿಲವಾದ ತೇಪೆ ಮತ್ತು ದಾರ ಒಳಗೆ ಸೆಳೆದುಹೋಗುವುದಿಲ್ಲ. ಒಂದು ಬದಿ ಮುಗಿದ ಮೇಲೆ ಇಬ್ಬರು ಹಿಡಿದು ಮಗುಚಿ ಇನ್ನೊಂದು ಬದಿಯನ್ನೂ ಹೀಗೆಯೇ ಮಾಡಬೇಕು. ಯಂತ್ರವಿಲ್ಲದವರು ಮೃದುವಾದ ಬಣ್ಣ ಹಚ್ಚುವ ಕುಂಚದಿಂದ ಒಂದೇ ದಿಕ್ಕಿಗೆ ಧೂಳನ್ನು ಸರಿಸಬಹುದು. ಕೋಲಿನಿಂದ ಬಡಿಯುವುದು, ಮಹಡಿಯ ಮೇಲಿಂದ ಕೊಡವುವುದು ಕೂಡದು.

ಮುಗ್ಗಲು ವಾಸನೆಯಿದ್ದಲ್ಲಿ ಒಣಹವೆಯ ದಿನ ನೆರಳಿನಲ್ಲಿ ಹಗ್ಗದ ಮಂಚದ ಮೇಲೆ ಹಾಸುಬಟ್ಟೆ ಹಾಸಿ ಕೌದಿಯನ್ನು ಅದರ ಮೇಲೆ ಹರಡಿ ನಾಲ್ಕಾರು ಗಂಟೆ ಗಾಳಿಯಾಡಲು ಬಿಡಬೇಕು. ಬಿಸಿಲಿಗೆ ಹಾಕಿದರೆ ವಾಸನೆ ಬೇಗ ಹೋಗುತ್ತದೆ. ಅದರೊಂದಿಗೆ ಬಣ್ಣವೂ ಹೋಗುತ್ತದೆ, ನೂಲಿನ ಬಲವೂ ಕುಗ್ಗುತ್ತದೆ. ಸುಗಂಧ ದ್ರವ್ಯ ಸಿಂಪಡಿಸುವುದರಿಂದ ಹೊಸ ಕಲೆಗಳಾಗುವುದೇ ಹೊರತು ವಾಸನೆ ಹೋಗದು.

ನೀರಿನಲ್ಲಿ ತೊಳೆಯುವುದು

ಬಟ್ಟೆ ಗಟ್ಟಿಯಾಗಿದ್ದು, ರೇಷ್ಮೆ, ರೇಯಾನ್ ಅಥವಾ ಉಣ್ಣೆಯ ತೇಪೆಗಳಿಲ್ಲದೆ, ಯಾವ ಬಣ್ಣವೂ ಬಿಡದೆ ಇದ್ದು, ಕೊಳೆ ನಿಜವಾಗಿಯೂ ಹೆಚ್ಚಾಗಿದ್ದಲ್ಲಿ ಮಾತ್ರ ನೀರಿನಲ್ಲಿ ತೊಳೆಯಬಹುದು. ಮನೆಯಲ್ಲಿ ಕನಿಷ್ಠ ಇಬ್ಬರು ಇರಬೇಕು, ಮತ್ತು ಮುಂದಿನ ಎರಡು ದಿನ ಮಳೆಯ ಸೂಚನೆ ಇರಬಾರದು. ಒಣಗಿದಾಗ ಮೂರು ಕಿಲೋಗ್ರಾಂ ತೂಗುವ ಕೌದಿ ನೆನೆದಾಗ ಏಳೆಂಟು ಕಿಲೋಗ್ರಾಂ ಆಗಬಹುದು. ಹಳೆಯ ಹೊಲಿಗೆ ಕಡಿಯುವುದು ಆ ಭಾರವನ್ನು ಒಂದು ಅಂಚಿನಿಂದ ಎತ್ತಿದ ಕ್ಷಣದಲ್ಲಿ. ಆದಕಾರಣ ನೆನೆದ ಕೌದಿಯನ್ನು ಎಂದೂ ನೇರವಾಗಿ ಎತ್ತಬಾರದು. ಕೌದಿಗಿಂತ ದೊಡ್ಡದಾದ ಸೊಳ್ಳೆಪರದೆ ಅಥವಾ ಹಾಸುಬಟ್ಟೆಯನ್ನು ಮೊದಲೇ ತೊಟ್ಟಿಯಲ್ಲಿ ಹಾಸಿ, ಅದರ ಮೇಲೆ ಕೌದಿಯನ್ನಿಟ್ಟು, ಎತ್ತುವಾಗ ಆ ಹಾಸನ್ನೇ ನಾಲ್ಕು ಬದಿಯಿಂದ ಹಿಡಿದು ಎತ್ತತಕ್ಕದ್ದು.

ಸ್ನಾನದ ತೊಟ್ಟಿ ಇಲ್ಲದ ಮನೆಗಳಲ್ಲಿ ಮಹಡಿಯ ಮೇಲೋ ಅಂಗಳದಲ್ಲೋ ಇಟ್ಟಿಗೆಗಳನ್ನು ಚೌಕವಾಗಿ ಜೋಡಿಸಿ, ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದರೆ ಮೊಣಕೈ ಮುಳುಗುವಷ್ಟು ನೀರು ನಿಲ್ಲುವ ತೊಟ್ಟಿ ಸಿದ್ಧವಾಗುತ್ತದೆ. ಕೌದಿಯನ್ನು ಆದಷ್ಟು ಮಡಿಕೆಯಿಲ್ಲದೆ ಹರಡುವುದಕ್ಕೆ ಇದು ಸ್ನಾನದ ತೊಟ್ಟಿಗಿಂತಲೂ ಉತ್ತಮ.

ನೀರಿನ ವಿಷಯದಲ್ಲಿ ಎಚ್ಚರ ಅಗತ್ಯ. ಕೊಳವೆಬಾವಿಯ ನೀರು ಹಲವೆಡೆ ಗಡಸಾಗಿದ್ದು, ಕೆಲವೆಡೆ ಕಬ್ಬಿಣದ ಅಂಶವನ್ನೂ ಹೊಂದಿರುತ್ತದೆ. ಗಡಸು ನೀರಿನಲ್ಲಿ ಸಾಬೂನು ಬಿಳಿಯ ಜಿಡ್ಡಾಗಿ ನೂಲಿಗೆ ಅಂಟಿಕೊಳ್ಳುತ್ತದೆ, ಕಬ್ಬಿಣದಿಂದ ಕಂದು ಕಲೆಗಳಾಗುತ್ತವೆ. ಸೋಸಿದ ಮಳೆನೀರು ಅತ್ಯುತ್ತಮ. ಅದು ದೊರೆಯದಿದ್ದಲ್ಲಿ ಕೊನೆಯ ಎರಡು ಜಾಲಾಟಕ್ಕಾದರೂ ಶುದ್ಧೀಕರಣ ಯಂತ್ರದಿಂದ ಬಂದ ಕುಡಿಯುವ ನೀರನ್ನು ಬಳಸಬೇಕು. ಅದೇ ಯಂತ್ರ ಹೊರಹಾಕುವ ನೀರಿನಲ್ಲಿ ಲವಣಾಂಶ ಮೂಲ ನೀರಿಗಿಂತ ಹೆಚ್ಚಿರುವುದರಿಂದ ಅದನ್ನು ಉಳಿತಾಯದ ಉದ್ದೇಶದಿಂದ ಇಲ್ಲಿ ಬಳಸಬಾರದು.

ಸಾಬೂನಾಗಿ, ಸುವಾಸನೆ ಮತ್ತು ಹೊಳಪುಕಾರಕಗಳಿಲ್ಲದ ಮೃದುವಾದ ದ್ರವ ಮಾರ್ಜಕವನ್ನು ಲೀಟರಿಗೆ ಒಂದು ಗ್ರಾಂ ಮೀರದಂತೆ ಕರಗಿಸಿಕೊಳ್ಳಬೇಕು. ಅಂಟುವಾಳದ ಕಾಯಿಯ ನೀರನ್ನು ರೇಷ್ಮೆ ಸೀರೆಗಳಿಗೆ ಬಳಸುವ ರೂಢಿ ಹಿಂದಿನಿಂದ ಇದೆ. ಅದು ಸೌಮ್ಯವಾದುದೇ ಆದರೂ ಬಿಳಿಯ ಬಟ್ಟೆಗೆ ತೆಳು ಹಳದಿ ಛಾಯೆ ಹತ್ತಿಸುವ ಸಾಧ್ಯತೆಯಿರುವುದರಿಂದ, ಬಿಳಿ ಹೆಚ್ಚಿರುವ ಕೌದಿಗೆ ಸೂಕ್ತವಲ್ಲ. ಬಟ್ಟೆ ಸೋಡಾ, ಸವಳು, ಬ್ಲೀಚಿಂಗ್ ಪುಡಿ, ನೀಲಿ, ಗಂಜಿ ಇವು ಯಾವುವನ್ನೂ ಬಳಸಕೂಡದು.

ಕೌದಿ ಉಗುರುಬೆಚ್ಚಗೂ ಇಲ್ಲದ ಸಾಮಾನ್ಯ ನೀರಿನಲ್ಲಿ ತಾನಾಗಿ ನೆನೆಯಲು ಬಿಟ್ಟು, ಬಳಿಕ ಅಂಗೈ ಅಥವಾ ಸ್ಪಂಜಿನಿಂದ ಮೇಲಿನಿಂದ ಕೆಳಕ್ಕೆ ಒತ್ತುತ್ತ ಬಿಡುತ್ತ ಹೋಗಬೇಕು. ಉಜ್ಜುವುದು, ಹಿಂಡುವುದು, ತುಳಿಯುವುದು, ಬ್ರಷ್ ಹಾಕುವುದು ಬೇಡ. ಮೊದಲ ನೀರು ಚಹಾದಂತೆ ಕಂದಾಗಿ ಬರುತ್ತದೆ. ಅದು ಹಳೆಯ ಹತ್ತಿಯಲ್ಲಿ ಸೇರಿಕೊಂಡ ಕೊಳೆ ಮತ್ತು ಆಮ್ಲಾಂಶವಾಗಿದ್ದು ಗಾಬರಿಪಡಬೇಕಾಗಿಲ್ಲ. ನೀರು ಕೆಂಪಾಗಿಯೋ ನೀಲಿಯಾಗಿಯೋ ಬಂದರೆ ಮಾತ್ರ ಬಣ್ಣ ಬಿಡುತ್ತಿದೆ ಎಂದರ್ಥ. ಆಗ ಕೆಲಸ ನಿಲ್ಲಿಸಿ, ಆ ನೀರನ್ನು ಹೊರಬಿಟ್ಟು, ಬಣ್ಣ ಬರುವುದು ನಿಲ್ಲುವವರೆಗೆ ತಡವಿಲ್ಲದೆ ಹೊಸ ನೀರಿನಿಂದ ಜಾಲಾಡಿ, ಒಣ ಟವೆಲ್‌ಗಳಿಂದ ಒತ್ತಿ ಆದಷ್ಟು ಬೇಗ ಒಣಗಿಸಬೇಕು. ಬಣ್ಣ ಹರಡುವುದು ಬಹುತೇಕ ನಿಧಾನವಾಗಿ ಒಣಗುವಾಗಲೇ.

ಜಾಲಾಡುವಾಗ ನೊರೆ ಪೂರ್ತಿ ನಿಲ್ಲುವವರೆಗೆ, ಅಂದರೆ ನಾಲ್ಕರಿಂದ ಆರು ಬಾರಿ, ನೀರು ಬದಲಿಸಬೇಕಾಗುತ್ತದೆ. ಒಟ್ಟಾರೆ ಕೌದಿ ನೀರಿನಲ್ಲಿರುವ ಅವಧಿ ಒಂದು ಗಂಟೆ ಮೀರದಿದ್ದರೆ ಒಳಿತು. ನೀರು ಬಸಿದ ಮೇಲೆ ದಪ್ಪ ಟವೆಲ್‌ಗಳ ನಡುವೆ ಇಟ್ಟು ಒತ್ತಿ, ನೆರಳಿನಲ್ಲಿ ಸಮತಲವಾಗಿ ಹರಡಿ ಒಣಗಿಸಬೇಕು. ಹಗ್ಗದ ಮೇಲೆ ತೂಗುಹಾಕಕೂಡದು. ಬೀಸಣಿಗೆಯ ಗಾಳಿ ಬಿಡಬಹುದು, ಬಿಸಿಗಾಳಿ ಬೇಡ. ಕವಂದಿಯ ಮೂಲೆಗಳಲ್ಲಿ ಬಣ್ಣದ ಬಟ್ಟೆಯ ಚೂರುಗಳನ್ನು ಮಡಿಸಿ ಹೂವಿನಂತೆ ಹೊಲಿದಿರುತ್ತಾರೆ. ಆ ಭಾಗ ಎಲ್ಲಕ್ಕಿಂತ ದಪ್ಪವಾಗಿರುವುದರಿಂದ ಕೊನೆಗೆ ಒಣಗುತ್ತದೆ. ಹಿಡಿಯಲು ಅನುಕೂಲವೆಂದು ಅದನ್ನೇ ಹಿಡಿದು ಎತ್ತುವುದರಿಂದ ಮೊದಲು ಕಿತ್ತುಬರುವುದೂ ಅದೇ. ಮೇಲ್ಪದರ ಒಣಗಿದ್ದರೂ ಒಳಪದರದಲ್ಲಿ ತೇವ ಉಳಿದಿರುತ್ತದೆ. ಮಡಿಸಿಡುವ ಮುನ್ನ ಎರಡು ದಿನ ಕಾಯುವುದು ಕ್ಷೇಮ.

ಬಟ್ಟೆ ಒಗೆಯುವ ಯಂತ್ರದಲ್ಲಿ ಹಾಕಿದರೆ ಒಳಪದರಗಳು ಸರಿದು ಗಂಟುಗಟ್ಟುತ್ತವೆ. ಡ್ರೈಕ್ಲೀನಿಂಗ್‌ನಲ್ಲಿ ನೀರಿಲ್ಲವಾದರೂ ಉರುಳಾಟ ಇದ್ದೇ ಇರುತ್ತದೆ. ಎರಡನ್ನೂ ಶಿಫಾರಸು ಮಾಡಲಾಗುವುದಿಲ್ಲ.

ಕಲೆಗಳು

ಪ್ರತಿ ಕಲೆಯೂ ಕೊಳೆಯಲ್ಲ. ಅರಿಸಿನ-ಕುಂಕುಮದ ಗುರುತು, ಮಗುವಿಗೆ ಹಚ್ಚಿದ ಎಣ್ಣೆಯ ಛಾಯೆ ಆ ಕೌದಿಯ ಬಳಕೆಯ ದಾಖಲೆಗಳೇ ಆಗಿವೆ. ವಸ್ತುಸಂಗ್ರಹಾಲಯಗಳಲ್ಲಿ ಇಂಥವನ್ನು ಸಾಮಾನ್ಯವಾಗಿ ಉಳಿಸಿಕೊಳ್ಳಲಾಗುತ್ತದೆ, ಮನೆಯವರೂ ಹಾಗೆಯೇ ಮಾಡುವುದು ಸೂಕ್ತವೆಂಬುದು ಇಲಾಖೆಯ ಅಭಿಪ್ರಾಯ. ಅರಿಸಿನದ ಕಲೆಗೆ ಸೋಡಾ ಸಾಬೂನು ತಾಗಿದರೆ ಅದು ಕೆಂಗಂದು ಬಣ್ಣಕ್ಕೆ ತಿರುಗುತ್ತದೆ. ತುಕ್ಕಿನ ಕಲೆಗೆ ನಿಂಬೆರಸ ಅಥವಾ ಅಂಗಡಿಯ ರಾಸಾಯನಿಕ ಹಾಕಿ ಉಜ್ಜುವುದರಿಂದ, ಮೊದಲೇ ದುರ್ಬಲವಾದ ಆ ಜಾಗ ತೂತಾಗುತ್ತದೆ.

ಬೂಷ್ಟು ಮತ್ತು ಕೀಟಗಳು

ಬೂಷ್ಟು ಹಿಡಿದ ಕೌದಿಯನ್ನು ಒದ್ದೆಯಿರುವಾಗ ಒರೆಸಿದರೆ ಅದು ನೂಲಿನೊಳಕ್ಕೆ ಇಳಿಯುತ್ತದೆ. ಮೊದಲು ಗಾಳಿಯಲ್ಲಿ ಪೂರ್ತಿ ಒಣಗಿಸಿ, ನಂತರ ಮನೆಯ ಹೊರಗೆ, ಮೂಗು-ಬಾಯಿಗೆ ಮುಖಗವಸು ಧರಿಸಿ, ಮೃದು ಕುಂಚದಿಂದ ತೆಗೆಯಬೇಕು. ಫಿನಾಯಿಲ್, ಡೆಟಾಲ್ ಮೊದಲಾದವನ್ನು ಬಳಸಬಾರದು. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 65 ಮೀರಿದಲ್ಲಿ ಬೂಷ್ಟು ಬೆಳೆಯಲು ಅನುಕೂಲವಾಗುತ್ತದೆ. ಮಲೆನಾಡು ಮತ್ತು ಕರಾವಳಿಯಲ್ಲಿ ಮಳೆಗಾಲದುದ್ದಕ್ಕೂ ಇದೇ ಸ್ಥಿತಿ.

ರೇಷ್ಮೆ ಮತ್ತು ಉಣ್ಣೆಯನ್ನು ನುಸಿಯ ಮರಿಹುಳುಗಳು ತಿನ್ನುತ್ತವೆ. ಗಂಜಿ ಹಾಕಿದ ಹತ್ತಿಗೆ ಬೆಳ್ಳಿಹುಳುಗಳು ಬರುತ್ತವೆ. ಕೌದಿಗೆ ಇನ್ನೊಂದು ವಿಶೇಷ ಕಾರಣವೂ ಇದೆ. ಹೊಲಿಗೆ ಮುಗಿಸುವಾಗ ಕೌದಿಯ ಹೊಟ್ಟೆ ಬರಿದಾಗಿರಬಾರದೆಂದು ನಡುವೆ ತುಸು ಧಾನ್ಯವನ್ನೋ ರೊಟ್ಟಿಯ ಚೂರನ್ನೋ ಇಟ್ಟು ಹೊಲಿಯುವ ವಾಡಿಕೆ ಕೆಲವು ಮನೆಗಳಲ್ಲಿದೆ. ನಡುಭಾಗವನ್ನು ಬೆರಳಿನಿಂದ ಒತ್ತಿ ನೋಡಿದರೆ ಇದು ತಿಳಿಯುತ್ತದೆ. ಅಲ್ಲಿ ಹುಳುಗಳಿದ್ದರೂ ಹೊಲಿಗೆ ಬಿಚ್ಚಿ ತೆಗೆಯಬಾರದು; ಹೊಲಿದವರ ಕೈಯ ಕೊನೆಯ ಕೆಲಸ ಅದೇ ಆಗಿರುತ್ತದೆ. ಪೂರ್ತಿ ಒಣಗಿದ ಕೌದಿಯನ್ನು ಹತ್ತಿಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಗಾಳಿ ಹೊರದೂಡಿ ಬಾಯಿ ಮುಚ್ಚಿ, ಮೈನಸ್ 18 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ತಣ್ಣನೆಯ ಶೈತ್ಯಪೆಟ್ಟಿಗೆಯಲ್ಲಿ ಎರಡು ವಾರ ಇಟ್ಟರೆ ಕೀಟ ಮತ್ತು ಮೊಟ್ಟೆ ಎರಡೂ ಸಾಯುತ್ತವೆ. ಹೊರತೆಗೆದ ಮೇಲೆ ಒಂದು ಇಡೀ ದಿನ ಚೀಲ ಬಿಚ್ಚಬಾರದು, ಬಿಚ್ಚಿದರೆ ತಣ್ಣನೆಯ ಬಟ್ಟೆಯ ಮೇಲೆ ತೇವ ಕೂರುತ್ತದೆ. ಹಳೆಯ ಮಾದರಿಯ ರೆಫ್ರಿಜರೇಟರಿನ ಐಸ್ ಗೂಡು ಇದಕ್ಕೆ ಸಾಲದು.

ನುಸಿಗುಳಿಗೆಗಳನ್ನು ಕೌದಿಯ ಮೇಲೆ ನೇರವಾಗಿ ಇಡಬಾರದು. ನ್ಯಾಫ್ತಲೀನ್ ಗುಳಿಗೆಗಳೊಂದಿಗೆ ಇಟ್ಟಿದ್ದ ಹೊದಿಕೆಯನ್ನು ಹಸುಗೂಸುಗಳಿಗೆ ಹೊದಿಸುವುದು ಅಪಾಯಕರ: ಆನುವಂಶಿಕವಾಗಿ ಜಿ6ಪಿಡಿ ಕೊರತೆಯಿರುವ ಶಿಶುಗಳಲ್ಲಿ ಇದು ರಕ್ತಕಣಗಳ ನಾಶಕ್ಕೂ ತೀವ್ರ ಕಾಮಾಲೆಗೂ ಕಾರಣವಾಗುತ್ತದೆ. ಬಾಣಂತನಕ್ಕೆಂದು ಅಜ್ಜಿಯ ಕೌದಿಯನ್ನು ಪೆಟ್ಟಿಗೆಯಿಂದ ತೆಗೆಯುವ ಮನೆಗಳವರು ಈ ಅಂಶವನ್ನು ತಪ್ಪದೆ ಗಮನಿಸತಕ್ಕದ್ದು. ಒಣಗಿದ ಬೇವಿನ ಎಲೆಯನ್ನು ಸಣ್ಣ ಬಟ್ಟೆಚೀಲದಲ್ಲಿ ಕಟ್ಟಿ ಪಕ್ಕದಲ್ಲಿಡಲು ಅಡ್ಡಿಯಿಲ್ಲ, ಆದರೆ ಅದರಿಂದಲೇ ರಕ್ಷಣೆ ದೊರೆಯಿತೆಂದು ನೋಡದೆ ಬಿಡಬಾರದು.

ರಿಪೇರಿ

ಬಿಚ್ಚಿಕೊಂಡ ಅಂಚುಗಳನ್ನು ತೆಳುವಾದ ಹತ್ತಿಯ ದಾರ ಮತ್ತು ಸಣ್ಣ ಸೂಜಿಯಿಂದ, ಹಳೆಯ ಸೂಜಿತೂತುಗಳಲ್ಲಿಯೇ ಹಾಯಿಸಿ ಸಡಿಲವಾಗಿ ಹೊಲಿಯಬಹುದು. ಪಾಲಿಯೆಸ್ಟರ್ ದಾರ ಬಟ್ಟೆಗಿಂತ ಗಟ್ಟಿಯಾಗಿರುವುದರಿಂದ ಹಳೆಯ ನೂಲನ್ನು ಗರಗಸದಂತೆ ಕೊಯ್ಯುತ್ತದೆ. ಉದುರುತ್ತಿರುವ ತೇಪೆಯನ್ನು ಕತ್ತರಿಸಿ ತೆಗೆಯದೆ, ಅದರ ಮೇಲೆ ಅದೇ ಬಣ್ಣದ ತೆಳು ಜಾಳಿಗೆ ಬಟ್ಟೆಯನ್ನಿಟ್ಟು ಸುತ್ತಲೂ ಹೊಲಿದರೆ ತೇಪೆ ಉಳಿಯುತ್ತದೆ, ಕಾಣುತ್ತಲೂ ಇರುತ್ತದೆ. ಅಂಟು ಬಳಸಕೂಡದು.

ಇಡುವ ಕ್ರಮ

ಪ್ಲಾಸ್ಟಿಕ್ ಚೀಲ ತೇವವನ್ನು ಒಳಗೇ ಹಿಡಿದಿಡುತ್ತದೆ. ಕಬ್ಬಿಣದ ಟ್ರಂಕು ತುಕ್ಕು ಹತ್ತಿಸುತ್ತದೆ. ಮರದ ಪೆಟ್ಟಿಗೆಯಿಂದ ಹೊಮ್ಮುವ ಆಮ್ಲಾಂಶ ಬಟ್ಟೆಯನ್ನು ಹಳದಿಯಾಗಿಸುತ್ತದೆ. ಟ್ರಂಕು ಅಥವಾ ಪೆಟ್ಟಿಗೆಯನ್ನೇ ಬಳಸಬೇಕಾಗಿ ಬಂದಲ್ಲಿ, ಗಂಜಿ ಹೋಗುವಂತೆ ಎರಡು ಬಾರಿ ಒಗೆದ ಕೋರಾ ಬಟ್ಟೆಯನ್ನು ಒಳಗೆ ದಪ್ಪವಾಗಿ ಹಾಸಿ, ಅದರಲ್ಲಿಯೇ ಕೌದಿಯನ್ನು ಸುತ್ತಿಡಬೇಕು. ಜಾಗವಿದ್ದವರು ದಪ್ಪ ಕೊಳವೆಯೊಂದಕ್ಕೆ ಬಿಳಿ ಬಟ್ಟೆ ಸುತ್ತಿ ಅದರ ಮೇಲೆ ಕೌದಿಯನ್ನು ಸುರುಳಿ ಸುತ್ತಬಹುದು. ಮಡಿಸುವುದಾದರೆ ಮಡಿಕೆಯ ಒಳಗೆ ಬಟ್ಟೆಯ ಸುರುಳಿಗಳನ್ನಿಟ್ಟು, ಆರು ತಿಂಗಳಿಗೊಮ್ಮೆ ತೆಗೆದು ಬೇರೆ ಗೆರೆಯಲ್ಲಿ ಮಡಿಸತಕ್ಕದ್ದು. ಅದರ ಮೇಲೆ ಇತರ ಸಾಮಾನು ಹೇರಬಾರದು. ಯುಗಾದಿಯ ಸುಮಾರಿಗೆ ಒಮ್ಮೆ, ದಸರೆಯ ಸುಮಾರಿಗೆ ಒಮ್ಮೆ ಎಂದು ಇಟ್ಟುಕೊಂಡರೆ ಮರೆಯುವುದಿಲ್ಲ.

ಗೋಡೆಗೆ ತೂಗುಹಾಕಲು ಇಚ್ಛಿಸುವವರು ಮೊಳೆ ಹೊಡೆಯದೆ, ಮೇಲಂಚಿನ ಹಿಂಬದಿಗೆ ಉದ್ದಕ್ಕೂ ಬಟ್ಟೆಯ ಕೊಳವೆ ಹೊಲಿದು ಅದರಲ್ಲಿ ಕೋಲು ತೂರಿಸಬೇಕು. ಕಿಟಕಿಯ ಎದುರಿನ ಗೋಡೆ ಬೇಡ. ವಸ್ತುಸಂಗ್ರಹಾಲಯಗಳಲ್ಲಿ ಬಟ್ಟೆಗಳಿಗೆ ಸಾಮಾನ್ಯವಾಗಿ 50 ಲಕ್ಸ್ ಮೀರದ ಬೆಳಕನ್ನು ಅನುಸರಿಸಲಾಗುತ್ತದೆ. ಮನೆಯ ಹಗಲು ಬೆಳಕು ಅದರ ಎಷ್ಟೋ ಪಟ್ಟು ಹೆಚ್ಚು. ಮೂರು ತಿಂಗಳು ತೂಗುಹಾಕಿ, ಉಳಿದ ಕಾಲ ಮಡಿಸಿಡುವುದು ಒಳ್ಳೆಯದು.

ವಿವರಗಳ ದಾಖಲೆ

ಹೊಲಿದವರ ಹೆಸರು, ಊರು, ಸುಮಾರು ವರ್ಷ, ಯಾವ ಸಂದರ್ಭಕ್ಕೆ ಹೊಲಿದದ್ದು, ಯಾವ ತೇಪೆ ಯಾರ ಬಟ್ಟೆಯದು ಎಂಬುದನ್ನು ತಿಳಿದ ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳಬೇಕು. ಬಟ್ಟೆಯನ್ನು ಇನ್ನೂ ಐವತ್ತು ವರ್ಷ ಉಳಿಸಬಹುದು. ಈ ಮಾಹಿತಿಗೆ ಅಷ್ಟು ಕಾಲಾವಕಾಶವಿರುವುದಿಲ್ಲ. ಬಿಳಿ ಹತ್ತಿಯ ಪಟ್ಟಿಯ ಮೇಲೆ ಪೆನ್ಸಿಲಿನಿಂದ ಬರೆದು ಹಿಂಬದಿಯ ಮೂಲೆಗೆ ಎರಡು ಹೊಲಿಗೆ ಹಾಕಿದರೆ ಸಾಕು. ಬಾಲ್‌ಪೆನ್ನಿನ ಶಾಯಿ ಹರಡುತ್ತದೆ.

ವಿದೇಶಕ್ಕೆ ಕೊಂಡೊಯ್ಯುವವರ ಗಮನಕ್ಕೆ

ಪ್ರಾಚ್ಯವಸ್ತು ಮತ್ತು ಕಲಾನಿಧಿ ಅಧಿನಿಯಮ, 1972ರ ಮೇರೆಗೆ ನೂರು ವರ್ಷಕ್ಕೆ ಕಡಿಮೆಯಿಲ್ಲದಷ್ಟು ಹಳೆಯದಾದ ಕರಕುಶಲ ವಸ್ತುಗಳು ಪ್ರಾಚ್ಯವಸ್ತುಗಳ ವ್ಯಾಪ್ತಿಗೆ ಬರುತ್ತವೆ. ಇವುಗಳನ್ನು ಖಾಸಗಿ ವ್ಯಕ್ತಿಗಳು ದೇಶದಿಂದ ಹೊರಕ್ಕೆ ಸಾಗಿಸುವಂತಿಲ್ಲ. ಉಲ್ಲಂಘನೆಗೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷಗಳವರೆಗೆ ವಿಸ್ತರಿಸಬಹುದಾದ ಕಾರಾವಾಸ ಮತ್ತು ಜುಲ್ಮಾನೆಯಿದೆ. ಮನೆಯಲ್ಲಿ ಬಳಕೆಯಲ್ಲಿರುವ ಕೌದಿಗಳಲ್ಲಿ ಹೆಚ್ಚಿನವು ಅಷ್ಟು ಹಳೆಯವಲ್ಲ. ಆದರೂ ನೋಡಲು ಹಳೆಯದೆನಿಸುವ ಕೌದಿಯ ಬಗ್ಗೆ ವಿಮಾನ ನಿಲ್ದಾಣದಲ್ಲಿ ಪ್ರಶ್ನೆ ಬರಬಹುದಾಗಿರುವುದರಿಂದ, ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಅದು ಪ್ರಾಚ್ಯವಸ್ತುವಲ್ಲವೆಂಬ ಪ್ರಮಾಣಪತ್ರವನ್ನು ಪ್ರಯಾಣಕ್ಕೆ ಸಾಕಷ್ಟು ಮುಂಚಿತವಾಗಿ ಪಡೆದಿಟ್ಟುಕೊಳ್ಳಲು ಸೂಚಿಸಲಾಗಿದೆ. ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್‌ಗಳಲ್ಲಿ ಬೀಜ, ಧಾನ್ಯಗಳನ್ನು ತರುವುದಕ್ಕೆ ಕಟ್ಟುನಿಟ್ಟಿನ ನಿಯಮಗಳಿವೆ. ಹೊಟ್ಟೆಯಲ್ಲಿ ಧಾನ್ಯವಿರುವ ಕೌದಿಯನ್ನು ಅಲ್ಲಿನ ಮಕ್ಕಳಿಗೆ ಒಯ್ಯುವವರು ಅದನ್ನು ಆಗಮನ ಪತ್ರದಲ್ಲಿ ಘೋಷಿಸತಕ್ಕದ್ದು.

ಪರಿಣತರ ಸಲಹೆ ಮತ್ತು ಅರ್ಜಿ

ಉದುರುತ್ತಿರುವ, ಬಣ್ಣ ಬಿಡುವ ಅಥವಾ ಬಹಳ ಹಳೆಯದೆಂದು ನಂಬಲು ಕಾರಣವಿರುವ ಕೌದಿಗಳ ಬಗ್ಗೆ ಪರಿಣತರ ಸಲಹೆ ಪಡೆಯುವುದು ಸೂಕ್ತ. ಲಖನೌದಲ್ಲಿ ಕೇಂದ್ರ ಕಚೇರಿಯನ್ನು ಹೊಂದಿರುವ ರಾಷ್ಟ್ರೀಯ ಸಾಂಸ್ಕೃತಿಕ ಸಂಪತ್ತಿನ ಸಂರಕ್ಷಣಾ ಸಂಶೋಧನಾ ಪ್ರಯೋಗಾಲಯದ ಪ್ರಾದೇಶಿಕ ಘಟಕ ಮೈಸೂರಿನಲ್ಲಿದೆ. ಸಲಹೆ ಕೋರಿ ಅಥವಾ ವಸ್ತುಸಂಗ್ರಹಾಲಯಕ್ಕೆ ಕೊಡುಗೆಯಾಗಿ ನೀಡಲು ಇಚ್ಛಿಸಿ ಅರ್ಜಿ ಸಲ್ಲಿಸುವವರು, ಕೌದಿಯನ್ನು ಮೊದಲೇ ಕಚೇರಿಗೆ ತರದೆ, ಅದರ ಎರಡೂ ಬದಿಯ ಮತ್ತು ಹಾನಿಯಾದ ಭಾಗಗಳ ಛಾಯಾಚಿತ್ರ, ಉದ್ದಗಲದ ಅಳತೆ, ಮೇಲೆ ತಿಳಿಸಿದ ದಾಖಲೆಯ ಪ್ರತಿ ಹಾಗೂ ಈ ಹಿಂದೆ ಒಗೆದಿದ್ದರೆ ಯಾವಾಗ, ಯಾವುದರಿಂದ ಒಗೆಯಲಾಯಿತೆಂಬ ವಿವರವನ್ನು ಅರ್ಜಿಯೊಂದಿಗೆ ಲಗತ್ತಿಸತಕ್ಕದ್ದು. ಚೆನ್ನಾಗಿ ಕಾಣಲೆಂದು ಅರ್ಜಿಗೆ ಮುನ್ನ ಕೌದಿಯನ್ನು ಒಗೆಯಬಾರದು.